ಓಡುವ ಇಲಿಯ ಹೃದಯ

ಕೇಳುಗರಿಗೆಲ್ಲ ನಮಸ್ಕಾರ.

ಇಲಿಯನ್ನು ಎರಡು ತಿಂಗಳು ದಿನಾ ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಅದರ ಹೃದಯ ದೊಡ್ಡದಾಗುತ್ತದೆ. ಬಿ.ಪಿ. ಏರಿದ ಇಲಿಯ ಹೃದಯವೂ ದೊಡ್ಡದಾಗುತ್ತದೆ. ತಕ್ಕಡಿಗೆ ಹಾಕಿದರೆ ಎರಡೂ ಒಂದೇ ತೂಕ ಬರಬಹುದು. ಆದರೆ ಒಂದು ಗಟ್ಟಿಮುಟ್ಟಾದ ಹೃದಯ, ಇನ್ನೊಂದು ಸೋಲುವ ದಾರಿ ಹಿಡಿದದ್ದು. ಹಾಗಾಗಿ ತೂಕವೊಂದನ್ನೇ ನಂಬುವ ಹಾಗಿಲ್ಲ.

ಓಡುವಾಗ ಹೃದಯಕ್ಕೆ ವಾಪಸ್ ಬರುವ ರಕ್ತ ಜಾಸ್ತಿ. ಅದು ತುಂಬಿದಾಗ ಹೃದಯದ ಕೋಣೆ ಹಿಗ್ಗುತ್ತದೆ. ವಾರಗಟ್ಟಲೆ ಹೀಗಾದರೆ ಸ್ನಾಯುವಿನ ಕೋಶಗಳು ಉದ್ದ ಬೆಳೆಯುತ್ತವೆ, ಸ್ವಲ್ಪ ದಪ್ಪವೂ ಆಗುತ್ತವೆ. ಅವಕ್ಕೆ ಬೇಕಾದ ಸಣ್ಣ ರಕ್ತನಾಳಗಳೂ ಜೊತೆಗೇ ಬೆಳೆಯುತ್ತವೆ. ಬಿ.ಪಿ. ಏರಿದ ಹೃದಯದಲ್ಲಿ ಹಾಗಲ್ಲ. ಅಲ್ಲಿ ಗೋಡೆ ದಪ್ಪವಾಗುತ್ತದೆ, ರಕ್ತನಾಳಗಳು ಹಿಂದೆ ಬೀಳುತ್ತವೆ, ನಡುವೆ ಗಾಯದ ಕಲೆಯಂಥ ಗಟ್ಟಿ ನಾರು ತುಂಬಿಕೊಳ್ಳುತ್ತದೆ.

ಇನ್ನೊಂದು ಬದಲಾವಣೆ ಕ್ಯಾಲ್ಸಿಯಂನದು. ಪ್ರತಿ ಬಡಿತಕ್ಕೂ ಕೋಶ ಹಿಂಡಲು ಅದರೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಬೇಕು, ಸಡಿಲವಾಗಲು ಕೂಡಲೇ ಅದನ್ನು ಎಳೆದು ಒಳಗಿನ ಉಗ್ರಾಣಕ್ಕೆ ಸೇರಿಸಬೇಕು. ನಾರ್ವೆಯ ಟ್ರಾಂಡ್‌ಹೈಮ್‌ನ ವಿಜ್ಞಾನಿಗಳು ಇಲಿಗಳನ್ನು ಏರುಮುಖದ ಟ್ರೆಡ್‌ಮಿಲ್‌ನಲ್ಲಿ ಬಿಟ್ಟು ಬಿಟ್ಟು ಜೋರಾಗಿ ಓಡಿಸಿ ನೋಡಿದರು. ಕೋಶ ಬಲವಾಗಿ ಹಿಂಡುತ್ತಿತ್ತು, ಬೇಗ ಸಡಿಲವಾಗುತ್ತಿತ್ತು. ಓಟ ನಿಲ್ಲಿಸಿದರೆ? ಎರಡರಿಂದ ನಾಲ್ಕು ವಾರಗಳಲ್ಲಿ ಗಳಿಸಿದ್ದೆಲ್ಲ ಬಹುತೇಕ ಹೋಗಿಬಿಡುತ್ತಿತ್ತು!

ಇಂಥ ಪ್ರಯೋಗಗಳ ವರದಿ ಓದುವಾಗ ನಾನು ಮೊದಲು ಹುಡುಕುವುದು ಹೃದಯವನ್ನು ಹೇಗೆ ಅಳೆದರು ಎಂಬುದನ್ನು. ಸಾಮಾನ್ಯವಾಗಿ ಹೃದಯದ ತೂಕವನ್ನು ಮೈತೂಕದಿಂದ ಭಾಗಿಸುತ್ತಾರೆ. ಓಡುವ ಗಂಡು ಇಲಿಯ ಮೈ ಅಷ್ಟಾಗಿ ತುಂಬುವುದಿಲ್ಲ. ಹೃದಯ ಇದ್ದಷ್ಟೇ ಇದ್ದರೂ ಲೆಕ್ಕದಲ್ಲಿ ಬೆಳೆದಂತೆ ಕಾಣುತ್ತದೆ! ಅದಕ್ಕೇ ಎಷ್ಟೋ ಜನ ಮೈತೂಕ ಬಿಟ್ಟು ಕಣಕಾಲಿನ ಮೂಳೆಯ ಉದ್ದಕ್ಕೆ ಹೋಲಿಸುತ್ತಾರೆ. ಓಡಿಸುವ ಬಗೆಯೂ ಮುಖ್ಯ. ಟ್ರೆಡ್‌ಮಿಲ್‌ನ ಹಿಂಬದಿಯಲ್ಲಿ ಸಣ್ಣ ಕರೆಂಟ್ ಹೊಡೆಯುವ ತಂತಿ ಇಡುವುದುಂಟು. ಹೆದರಿ ಓಡುವುದಕ್ಕೂ ಸುಮ್ನೆ ಓಡುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಗೂಡಿನಲ್ಲಿ ಒಂದು ಚಕ್ರ ಇಟ್ಟರೆ ಮೌಸ್ ಎಂದು ಕರೆಯುವ ಪುಟ್ಟ ಇಲಿಗಳು ಯಾರ ಒತ್ತಾಯವೂ ಇಲ್ಲದೆ ರಾತ್ರಿಗೆ ಹಲವು ಕಿಲೋಮೀಟರ್ ಓಡುತ್ತವೆ.

ಅಭ್ಯಾಸ ಮಾಡಿದ ಹೃದಯ ನಿಧಾನವಾಗಿ ಬಡಿಯುತ್ತದೆ ಎಂದು ನೀವೂ ಕೇಳಿರುತ್ತೀರಿ. ಮೆದುಳಿನಿಂದ ಬರುವ ವೇಗಸ್ ನರ ಹೃದಯದ ಕಡಿವಾಣ ಎಳೆದಿಡುತ್ತದೆ ಎಂದು ಬಹಳ ಕಾಲ ನಂಬಿದ್ದರು. 2014ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ಅಭ್ಯಾಸ ಮಾಡಿಸಿದ ಇಲಿಗಳಲ್ಲಿ ನರಗಳ ಪ್ರಭಾವವನ್ನು ಔಷಧದಿಂದ ತಡೆದರು. ಬಡಿತ ಆಗಲೂ ನಿಧಾನವೇ ಇತ್ತು. ಹೃದಯದ ತಾಳ ಹುಟ್ಟಿಸುವ ಪುಟ್ಟ ಗಂಟಿನಲ್ಲೇ ಬಡಿತದ ವೇಗ ಕಾಯುವ ಎಚ್‌ಸಿಎನ್4 ಎಂಬ ಪ್ರೋಟೀನ್ ಕಡಿಮೆಯಾಗಿತ್ತು. ಅಂದರೆ ವ್ಯಾಯಾಮ ಹೃದಯದ ಗಡಿಯಾರವನ್ನೇ ಬದಲಿಸಿತ್ತು.

ಹಾಗಾದರೆ ಎಷ್ಟು ಓಡಿದರೂ ಒಳ್ಳೆಯದೇ? ಬಾರ್ಸಿಲೋನಾದ ತಂಡವೊಂದು 2011ರಲ್ಲಿ ಇದನ್ನೇ ನೋಡಿತು. ಇಲಿಗಳನ್ನು ದಿನಕ್ಕೆ ಒಂದು ಗಂಟೆ, ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಿ, ವಾರಕ್ಕೆ ಐದು ದಿನದಂತೆ 16 ವಾರ ಓಡಿಸಿದರು. ಇಲಿಗೆ ಇದು ಕಠಿಣ ಓಟ. ಕೊನೆಗೆ ಹೃದಯದ ಬಲಗೋಣೆಯಲ್ಲಿ ನಾರು ಕಂಡಿತು. ವಿದ್ಯುತ್ತಿನಿಂದ ಕೆಣಕಿದಾಗ ಓಡಿದ 12 ಇಲಿಗಳಲ್ಲಿ 5ಕ್ಕೆ ಬಡಿತದ ತಾಳ ಅಪಾಯಕರವಾಗಿ ತಪ್ಪಿತು. ಓಡದ 16ರಲ್ಲಿ ಹಾಗಾದದ್ದು ಒಂದಕ್ಕೆ ಮಾತ್ರ. ಇಲಿಯ ಅಷ್ಟು ವಾರ ಮನುಷ್ಯನ ಹಲವು ವರ್ಷಗಳಿಗೆ ಸಮ. ಹಾಗಾಗಿ ಇದನ್ನು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಅನ್ವಯಿಸಬೇಡಿ. ವರ್ಷಗಟ್ಟಲೆ ಬಿಡದೆ ಮ್ಯಾರಥಾನ್ ತಯಾರಿ ಮಾಡುವವರ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು.

ಅದೇ ತಂಡ ಕೆಲವು ಇಲಿಗಳಿಗೆ ಓಟದ ನಂತರ ಎಂಟು ವಾರ ವಿಶ್ರಾಂತಿ ಕೊಟ್ಟಿತ್ತು. ಅವುಗಳ ಹೃದಯದಲ್ಲಿ ಬೆಳೆದಿದ್ದ ನಾರು ಓಡದ ಇಲಿಗಳ ಮಟ್ಟಕ್ಕೆ ಇಳಿದಿತ್ತು.

ನಮಸ್ಕಾರ.