ಬೆರಳಿನ ಜೊತೆ ಜಗಳವಾಡುವ ಫೇಡರ್

ಮೂರನೆಯ ಫೇಡರನ್ನು, ಅಂದರೆ ಧ್ವನಿ ಏರಿಸಿ ಇಳಿಸುವ ಈ ಜಾರುಗುಂಡಿಯನ್ನು ನೋಡಿ. ನಾನು ಮೇಲಕ್ಕೆ ತಳ್ಳುತ್ತಿದ್ದೇನೆ, ಅದು ಕೆಳಕ್ಕೆ ಎಳೆಯುತ್ತಿದೆ. ಕೈ ಬಿಟ್ಟರೆ ತಟ್ಟನೆ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ. ಪಕ್ಕದವೆಲ್ಲ ಹೇಳಿದ ಹಾಗೆ ಕೇಳುತ್ತವೆ, ಇದೊಂದಕ್ಕೆ ಹಟ.

ಇದು ಇಪ್ಪತ್ತು ವರ್ಷ ದಾಟಿದ ಕಂಟ್ರೋಲ್ ಸರ್ಫೇಸ್. ತಯಾರಕರ ಹೆಸರು ಬೇಡ. ಈ ವಯಸ್ಸಿನಲ್ಲಿ ಯಾರು ಮಾಡಿದ್ದಾದರೂ ಇಷ್ಟು ರಗಳೆ ಇದ್ದೇ ಇರುತ್ತದೆ. ನೋಡುವುದಕ್ಕೆ ಮಿಕ್ಸರ್, ಆದರೆ ಇದರೊಳಗೆ ಧ್ವನಿ ಹಾಯುವುದೇ ಇಲ್ಲ. ಧ್ವನಿಯೆಲ್ಲ ಕಂಪ್ಯೂಟರಿನಲ್ಲಿ. ಫೇಡರ್ ಎಲ್ಲಿದೆ, ಯಾವ ಗುಂಡಿ ಒತ್ತಿದ್ದಾಯಿತು ಎಂಬ ಸುದ್ದಿಯನ್ನು ಮಾತ್ರ ಇದು ಮಿಡಿ (ಸಂಗೀತದ ಯಂತ್ರಗಳು ತಮ್ಮತಮ್ಮಲ್ಲಿ ಆಡುವ ಭಾಷೆ) ಸಂದೇಶವಾಗಿ ಕಳುಹಿಸುತ್ತದೆ. ನಾನು ಇದನ್ನು ಗುಜರಿಗೆ ಹಾಕದಿರುವುದಕ್ಕೆ ಕಾರಣವೇ ಅದು. ಹಳೆಯ ಮಿಕ್ಸರಾದರೆ ಅದರ ಗೊರಗೊರ ರೆಕಾರ್ಡಿಂಗಿಗೂ ಸೇರಿಬಿಡುತ್ತದೆ. ಇದರ ಮುಪ್ಪು ಹಾಡಿಗೆ ತಗಲುವುದಿಲ್ಲ. 2000ರ ದಶಕದ ಆರಂಭದ ಮ್ಯಾಕಿ ಕಂಟ್ರೋಲ್ ಪ್ರೋಟೊಕಾಲ್ ಇದಕ್ಕೆ ಗೊತ್ತು. ಲಾಜಿಕ್, ಕ್ಯೂಬೇಸ್, ರೀಪರ್‌ನಂಥ ರೆಕಾರ್ಡಿಂಗ್ ತಂತ್ರಾಂಶಗಳು ಇಂದಿಗೂ ಅದನ್ನು ಅರ್ಥ ಮಾಡಿಕೊಳ್ಳುತ್ತವೆ.

ಮೌಸ್ ಸಾಲದೇ ಎಂದು ಕೇಳುವವರಿದ್ದಾರೆ. ಯಕ್ಷಗಾನದ ರೆಕಾರ್ಡಿಂಗ್ ಒಂದನ್ನು ಮಿಕ್ಸ್ ಮಾಡಿ ನೋಡಿ. ಭಾಗವತರು ಪದ ಎತ್ತಿಕೊಂಡಿರುತ್ತಾರೆ, ನಡುವೆ ಚಂಡೆ ನುಗ್ಗುತ್ತದೆ, ಆ ಕ್ಷಣದಲ್ಲೇ ಒಂದನ್ನು ತಗ್ಗಿಸಿ ಇನ್ನೊಂದನ್ನು ಎತ್ತಬೇಕು. ಮೌಸಿಗೆ ಇರುವುದು ಒಂದೇ ಬಾಣ. ಈ ಕೆಲಸಕ್ಕೆ ಎರಡು ಕೈ ಬೇಕು.

ಸರಿ, ಹಟಮಾರಿಯ ವಿಷಯಕ್ಕೆ ಬರೋಣ. ಕಂಪ್ಯೂಟರ್ ಹೇಳಿದ ಜಾಗಕ್ಕೆ ಫೇಡರನ್ನು ಓಡಿಸುವ ಮೋಟಾರ್ ಕೆಟ್ಟಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೆಟ್ಟ ಮೋಟಾರಿಗೆ ಇಷ್ಟು ಬಲ ಎಲ್ಲಿಂದ ಬರಬೇಕು? ಫೇಡರಿನ ನಾಬ್‌ಗೆ ಬೆರಳು ತಾಗಿದರೆ ಯಂತ್ರಕ್ಕೆ ಗೊತ್ತಾಗಬೇಕು. ಗೊತ್ತಾದ ಕೂಡಲೇ ಅದು ಕಂಪ್ಯೂಟರಿಗೆ ಒಂದು ನೋಟ್ (ಸ್ವರದ ಸಂಖ್ಯೆ ಹೊತ್ತ ಮಿಡಿ ಸಂದೇಶ) ಕಳುಹಿಸುತ್ತದೆ, ಅಷ್ಟಾದರೆ ಮೋಟಾರ್ ಎಳೆದಾಟ ನಿಲ್ಲಿಸುತ್ತದೆ. ಮೊದಲ ಫೇಡರಿಗೆ ನೋಟ್ 104, ಎರಡನೆಯದಕ್ಕೆ 105. ಈಗ ಕಂಪ್ಯೂಟರಿನ ತೆರೆಯ ಮೇಲೆ, ಬರುವ ಸಂದೇಶಗಳನ್ನು ತೋರಿಸುವ ಮಿಡಿ ಮಾನಿಟರ್ ಇದೆ. ಒಂದನ್ನು ಮುಟ್ಟಿದೆ, 104 ಬಂತು. ಎರಡನ್ನು ಮುಟ್ಟಿದೆ, 105 ಬಂತು. ಮೂರನ್ನು ಮುಟ್ಟಿದರೆ 106ರ ಸುಳಿವೇ ಇಲ್ಲ. ಅಂದರೆ ಮೋಟಾರ್ ನಿರಪರಾಧಿ. ಬೆರಳು ಇರುವುದೇ ಅದಕ್ಕೆ ತಿಳಿಯದು, ಫೇಡರ್ ಯಾಕೋ ಜಾರುತ್ತಿದೆ ಎಂದುಕೊಂಡು ನಿಷ್ಠೆಯಿಂದ ಹಿಂದಕ್ಕೆ ಎಳೆಯುತ್ತಿದೆ.

ತೆರೆಯುವ ಮೊದಲು ಒಂದು ಮಾತು. ಇದರ ವಿದ್ಯುತ್ ಪೂರೈಕೆ ಪೆಟ್ಟಿಗೆಯ ಒಳಗೇ ಇದೆ. ನಮ್ಮ 230 ವೋಲ್ಟ್ ಒಳಗೆ ಹೋಗಿ ನೇರ ವಿದ್ಯುತ್ತಾದಾಗ 325 ವೋಲ್ಟ್‌ನ ಹತ್ತಿರ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮಲ್ಟಿಮೀಟರಿನಲ್ಲಿ ಅಳೆಯದೆ ಆ ಮೂಲೆಗೆ ಕೈ ಹಾಕಬೇಡಿ.

ಫೇಡರ್ ಹೊರಗೆ ಬಂತು. ತುದಿಯಲ್ಲಿ ಪುಟ್ಟ ಮೋಟಾರ್, ಉದ್ದಕ್ಕೂ ಹಲ್ಲಿನ ಬೆಲ್ಟ್, ಅದಕ್ಕೆ ಸಿಕ್ಕಿಸಿದ ಗಾಡಿ. ಸ್ಪರ್ಶದ ಸುದ್ದಿ ಒಯ್ಯುವ ತಂತಿ ಇಲ್ಲಿದೆ. ಕ್ಯಾಮೆರಾ ಹತ್ತಿರ ತರುತ್ತೇನೆ: ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆಯೇ? ತಂತಿ ಸ್ಥಳದಲ್ಲೇ ಇದೆ, ಸಂಪರ್ಕ ಮಾತ್ರ ಇಲ್ಲ. ವರ್ಷಗಟ್ಟಲೆ ಮೋಟಾರ್ ನಡುಗಿಸಿದ್ದರ ಫಲ. ಹಳೆಯ ಸೀಸವನ್ನು ಹೀರಿ ತೆಗೆದು ಹೊಸದಾಗಿ ಬೆಸೆದೆ. 106 ಬಂತು.

ಬಿಚ್ಚಿದ್ದೇನೆ, ಇನ್ನು ಗಾಡಿ ಜಾರುವ ಟ್ರ್ಯಾಕನ್ನೂ ಒರೆಸಿಬಿಡೋಣ. ಗಾಡಿಯ ಅಡಿಯಲ್ಲಿ ಚಿಕ್ಕ ಲೋಹದ ಬೆರಳುಗಳಿವೆ, ಅವುಗಳ ಸಂದಿಯಲ್ಲಿ ಕಾಡಿಗೆಯಂಥ ಮಸಿ. ಫೇಡರಿನ ಓಟ 100 ಮಿಲಿಮೀಟರ್. ಅದನ್ನು ಯಂತ್ರ 1024 ಮೆಟ್ಟಿಲುಗಳಾಗಿ ಓದುತ್ತದೆ. ಒಂದು ಮೆಟ್ಟಿಲು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಅಷ್ಟನ್ನು ಕೆಡಿಸುವುದಕ್ಕೆ ಈ ಮಸಿ ಧಾರಾಳ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಹಗುರ ಕೈ. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅದು ಇರುವ ಗ್ರೀಸನ್ನು ತೊಳೆದು ಧೂಳು ಹಿಡಿಯುವ ಅಂಟನ್ನು ಬಿಟ್ಟುಹೋಗುತ್ತದೆ.

ಪವರ್ ಬೋರ್ಡಿನಲ್ಲಿ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಬೋರ್ಡಿನ ಫೋಟೊ ನೋಡಿ, “ಸರ್, ಇದಕ್ಕಿಂತ ಹೊಸದನ್ನೇ ತೆಗೆದುಕೊಳ್ಳಬಾರದೇ?” ಎಂದರು, ಆದರೂ ಬೇಕಾದದ್ದನ್ನೇ ಹುಡುಕಿ ಕೊಟ್ಟರು. ಅದೇ ಮೈಕ್ರೊಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ಶಾಖ ತಾಳುವಂಥದು.

ಈಗ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ. ಇದಕ್ಕೆ ಯುಎಸ್‌ಬಿ ಇಲ್ಲ, ಐದು ಪಿನ್ನಿನ ಮಿಡಿ ಮಾತ್ರ. ಮಿಡಿಯನ್ನು ಯುಎಸ್‌ಬಿಗೆ ಜೋಡಿಸುವ ಅಗ್ಗದ ಕೇಬಲ್ ಹಾಕಿದರೆ ಫೇಡರ್ ಓಡುತ್ತದೆ, ಆದರೆ ಯಂತ್ರದ ಪುಟ್ಟ ಪರದೆಯಲ್ಲಿ ಅಕ್ಷರ ಚೆಲ್ಲಾಪಿಲ್ಲಿ. ಪರದೆಯ ಬರಹ ಸಿಸೆಕ್ಸ್ ಎಂಬ ಉದ್ದ ಸಂದೇಶದಲ್ಲಿ ಬರುತ್ತದೆ, ಅಂಥ ಕೇಬಲ್‌ಗಳು ಅದನ್ನು ಅರ್ಧಕ್ಕೇ ನುಂಗುತ್ತವೆ. ಹಾಗಾಗಿ ಮಿಡಿಯನ್ನು ಯುಎಸ್‌ಬಿಗೆ ತಿರುಗಿಸಲು ಒಳಗೇ ಟೀನ್ಸಿ 4.0 ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಕೂರಿಸಿದ್ದೇನೆ. ಅದರ ಪಿನ್ನುಗಳು 3.3 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ, ಹಳೆಯ ಬೋರ್ಡ್ ಕೊಡುವುದು 5. ಆದ್ದರಿಂದ ವೋಲ್ಟೇಜ್ ತಗ್ಗಿಸಲು ನಡುವೆ 1 ಕಿಲೋ ಓಮ್ ಮತ್ತು 2 ಕಿಲೋ ಓಮ್ ರೆಸಿಸ್ಟರುಗಳ ಜೋಡಿ. ಹಳೆಯ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಒಂದು ಫೇಡರ್ ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ಎಂಟು ಫೇಡರ್ ಒಟ್ಟಿಗೆ ಓಡಿದರೂ ಕೈಗೆ ತಡ ತಿಳಿಯುವುದಿಲ್ಲ.

ಪರದೆಗೆ ಕನ್ನಡ ಬರುವುದಿಲ್ಲ, ಚಾನೆಲ್ ಒಂದಕ್ಕೆ ಏಳೇ ಇಂಗ್ಲಿಷ್ ಅಕ್ಷರ. ಮದ್ದಲೆ ಸರಿಯಾಗಿ ಹಿಡಿಸುತ್ತದೆ, ಭಾಗವತರನ್ನು ಸ್ವಲ್ಪ ಕತ್ತರಿಸಬೇಕಾಯಿತು. ಕ್ಷಮೆ ಇರಲಿ.

ಇನ್ನೊಂದು ಸಣ್ಣ ಮಾರ್ಪಾಡು: ಹಿಂಬದಿಯ ಈ ಸ್ವಿಚ್. ಇದನ್ನು ಒತ್ತಿದರೆ ಮೋಟಾರುಗಳಿಗೆ ವಿದ್ಯುತ್ ಹೋಗುವುದಿಲ್ಲ, ಫೇಡರುಗಳು ಮಾತ್ರ ಎಂದಿನಂತೆ ಸುದ್ದಿ ಕಳುಹಿಸುತ್ತಿರುತ್ತವೆ. ನನ್ನದು ಒಂದೇ ಕೋಣೆ. ಹಾಡುವವರ ಮೈಕ್ ಇಲ್ಲೇ, ಫೇಡರುಗಳ ಟಕಟಕವೂ ಇಲ್ಲೇ.

ಉಳಿದದ್ದು ಜಾಗ್ ವೀಲ್, ಹಾಡಿನಲ್ಲಿ ಹಿಂದೆ ಮುಂದೆ ಹೋಗಲು ತಿರುಗಿಸುವ ಚಕ್ರ. ತಿರುಗಿಸಿದರೆ ಒಮ್ಮೊಮ್ಮೆ ಹಿಂದಕ್ಕೆ ಜಿಗಿಯುತ್ತದೆ, ಒಳಗೆ ತಿರುಗುವಿಕೆಯನ್ನು ಎಣಿಸುವ ಎನ್‌ಕೋಡರ್ ಸವೆದಿದೆ. ಇಲ್ಲಿ ಸಿಗುವ ಎನ್‌ಕೋಡರಿನ ದಂಡ ಈ ಚಕ್ರದ ತೂತಿಗೆ ದಪ್ಪ. ಚಕ್ರ ಕೊರೆಯಬೇಕೋ ದಂಡ ಅರೆಯಬೇಕೋ ಇನ್ನೂ ತೀರ್ಮಾನಿಸಿಲ್ಲ. ಲೇತ್ ಇರುವವರು ಯಾರಾದರೂ ನೋಡುತ್ತಿದ್ದರೆ ತಿಳಿಸಿ.