ಹೋದ ದಂಡೆ, ಬರುವ ದಂಡೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಸೇರಿದವರಲ್ಲಿ ಜಾಸ್ತಿ ಜನ ಕೆರೆಯಲ್ಲಿ ಗಾಳ ಹಾಕಿ ಕಲಿತವರು. ಹುಬ್ಬಳ್ಳಿ-ಧಾರವಾಡದ ಸುತ್ತ ನಮಗಿರುವ ನೀರೇ ಅದು. ಈಗ ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ, ಕಾರಿನ ಮೇಲೆ ಕಟ್ಟಿಕೊಂಡು ಸಮುದ್ರಕ್ಕೆ ಹೋಗುವ ಹುಮ್ಮಸ್ಸು ಬಂದಿದೆ. ಖಂಡಿತ ಹೋಗಬೇಕು. ಗಾಳಕ್ಕೆ ಇಸ್ವಣ ಮೀನು ಬಿದ್ದಾಗಿನ ಎಳೆತ ಯಾವ ಕೆರೆಯಲ್ಲೂ ಸಿಗುವುದಿಲ್ಲ. ಆದರೆ ಗೊತ್ತಿಲ್ಲದ ದಂಡೆಯಲ್ಲಿ ತೆರೆ ದಾಟಿ ಇಳಿಯುವವರು ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಬಿಟ್ಟು ಹೋದ ದಂಡೆ ನೀವು ವಾಪಸ್ ಬರುವಾಗ ಹಾಗೇ ಇರುವುದಿಲ್ಲ.

ನಾವು ಮಾಡುವುದೇನು? ನಡುರಾತ್ರಿ ಹೊರಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬೆಳಕು ಹರಿಯುವ ಹೊತ್ತಿಗೆ ಅಂಕೋಲಾ ಕಡೆ ಮುಟ್ಟುತ್ತೇವೆ. ಬೇಸಿಗೆಯಲ್ಲಿ ಆ ಹೊತ್ತಿಗೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತಿರುತ್ತದೆ. ನೀರಿನ ಮೇಲ್ಮೈ ನುಣುಪಾಗಿ ಕಾಣುತ್ತದೆ. ಅಷ್ಟು ದೂರ ಬಂದಿದ್ದೇವೆ, ನಿದ್ದೆ ಕೆಟ್ಟಿದ್ದೇವೆ. ಕಯಾಕ್ ಇಳಿಸಿ ಹೊರಟೇ ಬಿಡೋಣ ಅನಿಸುತ್ತದೆ, ಅಲ್ವಾ?

ಬಿಸಿಲು ಏರಿದಂತೆ ನೆಲ ಕಾಯುತ್ತದೆ, ಗಾಳಿ ತಿರುಗಿ ಪಶ್ಚಿಮದಿಂದ ಬೀಸಲು ಶುರುವಾಗುತ್ತದೆ. ಇದರ ಜೊತೆ ಉಬ್ಬರ ಇಳಿತದ ಲೆಕ್ಕವೂ ಇದೆ. ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ ಹೊತ್ತು ಬೇಕು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಕಾರವಾರದ ಕಡೆ ನೀರು ಒಂದೂವರೆಯಿಂದ ಎರಡು ಮೀಟರ್ ಏರಿಳಿಯುತ್ತದೆ. ಒಂದು ಮೀಟರ್ ಎತ್ತರದ ತೆರೆ ಸುಮಾರು 1.3 ಮೀಟರ್ ಆಳ ಸಿಕ್ಕ ಕಡೆ ಒಡೆಯುತ್ತದೆ. ದಂಡೆಯಿಂದ ಸ್ವಲ್ಪ ದೂರ ನೀರಿನಡಿ ಒಂದು ಮರಳು ದಿಬ್ಬ ಇದೆ ಅಂದುಕೊಳ್ಳಿ. ಬೆಳಿಗ್ಗೆ ಅದರ ಮೇಲೆ ಎರಡೂವರೆ ಮೀಟರ್ ನೀರು ಇತ್ತು. ತೆರೆ ಒಡೆಯದೆ ದಾಟಿತು, ನೀವೂ ದಾಟಿದಿರಿ, ಅಲ್ಲಿ ದಿಬ್ಬ ಇದೆ ಅಂತಲೇ ಗೊತ್ತಾಗಲಿಲ್ಲ. ಮಧ್ಯಾಹ್ನ ಅದೇ ದಿಬ್ಬದ ಮೇಲೆ ಒಂದು ಮೀಟರ್ ಚಿಲ್ಲರೆ ನೀರು. ಅದೇ ತೆರೆ ಈಗ ಅಲ್ಲೇ ಒಡೆಯುತ್ತದೆ. ನೀವು ಅದರ ಆಚೆ ಕೂತಿದ್ದೀರಿ.

ಆಚೆಯಿಂದ ಅದು ಕಾಣುವುದೂ ಇಲ್ಲ. ದಂಡೆಯಲ್ಲಿ ನಿಂತವರಿಗೆ ತೆರೆಯ ಮುಖ ಕಾಣುತ್ತದೆ, ಬಿಳಿ ನೊರೆ ಕಾಣುತ್ತದೆ. ಕಯಾಕ್‌ನಲ್ಲಿ ಕೂತವರಿಗೆ ಕಾಣುವುದು ಬರೀ ತೆರೆಯ ಬೆನ್ನು. ದುಂಡಗೆ, ನುಣ್ಣಗೆ, ಸಣ್ಣದಾಗಿ ಕಾಣುತ್ತದೆ. ಅದು ಮುಂದೆ ಹೋಗಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಆಮೇಲೆ ಧಡ್ ಅಂತ ಸದ್ದು, ಮೇಲಕ್ಕೆ ಹಾರುವ ಹನಿ. ಸದ್ದು ಜೋರಾಗಿ ಕೇಳುತ್ತಿದ್ದರೆ ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ.

ಅದಕ್ಕೇ ವಾಪಸ್ ಬರುವ ಯೋಜನೆ ಮೊದಲು, ಹೋಗುವುದು ಆಮೇಲೆ. ಹಿಂದಿನ ದಿನವೇ ಇಳಿತ ಎಷ್ಟು ಗಂಟೆಗೆ ಅಂತ ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎತ್ತರ ಒಂದನ್ನೇ ನೋಡಬೇಡಿ, ಎರಡು ತೆರೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಎತ್ತರ ಒಂದೇ ಇದ್ದರೂ ಹದಿನಾಲ್ಕು ಸೆಕೆಂಡಿನ ತೆರೆಯಲ್ಲಿ ಆರು ಸೆಕೆಂಡಿನದಕ್ಕಿಂತ ತುಂಬಾ ಜಾಸ್ತಿ ಬಲ ಇರುತ್ತದೆ.

ದಂಡೆಗೆ ಬಂದ ಮೇಲೆ ಎತ್ತರದ ಜಾಗದಲ್ಲಿ ನಿಂತು ಅರ್ಧ ತಾಸು ಸುಮ್ನೆ ನೋಡಿ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಇರುತ್ತದೆ. ಆ ಬಿಡುವಿನಲ್ಲೇ ಹೊರಡಬೇಕು. ಎಲ್ಲ ಕಡೆ ನೊರೆ ಇದ್ದು, ಒಂದು ಪಟ್ಟೆಯಲ್ಲಿ ಮಾತ್ರ ನೀರು ಶಾಂತವಾಗಿ, ಕಪ್ಪಾಗಿ ಕಂಡರೆ ಅದು ಸೆಳವು. ರಿಪ್ ಕರೆಂಟ್ ಅನ್ನುವುದು ಅದಕ್ಕೇ. ಜೋರಾದ ಸೆಳವು ಸೆಕೆಂಡಿಗೆ ಎರಡು ಮೀಟರ್‌ಗಿಂತ ವೇಗವಾಗಿ ದಂಡೆಯಿಂದ ದೂರ ಸಮುದ್ರದ ಕಡೆ ಎಳೆಯುತ್ತದೆ. ಬಿದ್ದವರು ಅದರ ಎದುರು ಈಜಬಾರದು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು.

ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ ಬಗ್ಗೆ ಎಚ್ಚರ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ನಮ್ಮ ಶಾಲ್ಮಲೆ ಬೇಡ್ತಿ ಜೊತೆ ಸೇರಿ, ಗಂಗಾವಳಿಯಾಗಿ ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ. ನಮ್ಮದೇ ಹೊಳೆ, ಅಲ್ಲೇ ಇಳಿಯೋಣ ಅಂತ ಆಸೆ ಆಗುತ್ತದೆ. ಅಳಿವೆಯಲ್ಲಿ ಮೀನೂ ಸೇರುತ್ತವೆ. ಆದರೆ ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಎದುರಿನಿಂದ ತೆರೆ ಬರುತ್ತದೆ. ಎರಡೂ ಕೂಡಿದಲ್ಲಿ ತೆರೆ ಗೋಡೆ ಎದ್ದಂತೆ ಏಳುತ್ತದೆ. ಅಲ್ಲಿನ ಮೀನುಗಾರರನ್ನು ಕೇಳದೆ ಇಳಿಯಬೇಡಿ. "ಅಣ್ಣಾ, ಹನ್ನೊಂದು ಗಂಟೆಗೆ ಇಲ್ಲಿ ಹೇಗಿರುತ್ತೆ?" ಅಂತ ಕೇಳಿ. ಈಗ ಹೇಗಿದೆ ಅನ್ನುವುದು ನಿಮಗೇ ಕಾಣುತ್ತದೆ. ಅವರು ದಂಡೆಯಿಂದ ಎಳೆಯುವ ಏಂಡಿ ಬಲೆ ಬಿಟ್ಟಿದ್ದರೆ ಆ ಕಡೆ ಹೋಗಲೇಬೇಡಿ. ಅದು ಅವರ ಅನ್ನ.

ದಂಡೆಗೆ ಬರುವಾಗ ತೆರೆ ಒಡೆಯುವ ಜಾಗದ ಆಚೆಯೇ ನಿಲ್ಲಿ. ಗಾಳದ ಕೋಲು ಕೆಳಗಿಳಿಸಿ ಕಟ್ಟಿ, ಕೊಕ್ಕೆಗಳನ್ನು ಡಬ್ಬಿಗೆ ಹಾಕಿ. ದೊಡ್ಡ ಗುಂಪು ಹೋಗಲಿ. ಕೊನೆಯ ತೆರೆಯ ಬೆನ್ನ ಹಿಂದೆ ಪ್ಯಾಡಲ್ ಹೊಡೆಯಿರಿ, ಅದರ ಮುಂದೆ ಹೋಗಬೇಡಿ. ಕಯಾಕ್ ಅಡ್ಡ ತಿರುಗಿದರೆ ಮಗುಚುತ್ತದೆ. ಮಗುಚಿದರೆ ನೀವು ಸಮುದ್ರದ ಬದಿಗೆ ಇರಬೇಕು. ಕಯಾಕ್‌ಗೂ ದಂಡೆಗೂ ನಡುವೆ ಸಿಕ್ಕರೆ ತೆರೆ ಅದನ್ನು ತಂದು ನಿಮ್ಮ ಮೇಲೇ ಬಡಿಯುತ್ತದೆ.

ಲೈಫ್ ಜಾಕೆಟ್ ತೊಟ್ಟೇ ಇರಬೇಕು. ಫೋನು ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ. ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ, ಅದರ ನೀರಿಗೆ ಹೋಗುವಂತಿಲ್ಲ. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ.

ಮಗುಚಿದ ಕಯಾಕ್ ಹತ್ತುವುದನ್ನು ಮಾತ್ರ ಇಲ್ಲಿಯೇ, ಶಾಂತ ನೀರಿನಲ್ಲಿ, ಪಕ್ಕದಲ್ಲಿ ಈಜು ಬಲ್ಲವರನ್ನು ನಿಲ್ಲಿಸಿಕೊಂಡು ಕಲಿಯಿರಿ. ತೊಟ್ಟ ಬಟ್ಟೆ, ಜಾಕೆಟ್ ಸಮೇತ ಬೇಕಂತಲೇ ಮಗುಚಿ ಹತ್ತಿ. ಸುಸ್ತಾದ ಮೇಲೂ ಹತ್ತಲು ಬರುತ್ತದಾ ನೋಡಿ. ಬಂದವರು ಘಟ್ಟ ಇಳಿಯಲಿ.