ಕೃತಕ ಡಿಸ್ಕ್ ನಿಲ್ಲುವ ಜಾಗ

ನಮಸ್ಕಾರ ಶ್ರೋತೃಗಳೇ. ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿದೆ, ಕೃತಕ ಡಿಸ್ಕ್ ಹಾಕಬಹುದು ಎಂದು ವೈದ್ಯರು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಆಮೇಲೆ ಬಗ್ಗೋಕಾಗುತ್ತಾ?" ದಯವಿಟ್ಟು ಆ ಪ್ರಶ್ನೆಯನ್ನು ಸ್ವಲ್ಪ ತಡೆದಿಡಿ. ಡಿಸ್ಕ್ ವಿನ್ಯಾಸ ಮಾಡುವ ನಾವು ಮೊದಲು ಕೇಳಬೇಕಾದ್ದು ಬೇರೆ. ಅದು ಯಾವ ಮೂಳೆಯ ಮೇಲೆ ನಿಲ್ಲುತ್ತದೆ?

ಡಿಸ್ಕಿನ ಮೇಲೊಂದು, ಕೆಳಗೊಂದು ಮೂಳೆ. ಆ ಮೂಳೆಯ ಅಂಚು ಗಟ್ಟಿ, ನಡುಭಾಗ ಮೆತ್ತಗೆ. ಇದೊಂದು ನೆನಪಿರಲಿ. 1960ರ ದಶಕದಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಉಲ್ಫ್ ಫರ್ನ್‌ಸ್ಟ್ರೋಮ್ ಡಿಸ್ಕಿನ ಜಾಗದಲ್ಲಿ ಉಕ್ಕಿನ ಗುಂಡು ಇಟ್ಟರು. ಗುಂಡು ಸೊಗಸಾಗಿ ಹೊರಳುತ್ತದೆ, ನಿಜ. ಆದರೆ ಹಸಿ ಮಣ್ಣಿನ ಮೇಲೆ ಗುಂಡುಕಲ್ಲಿಟ್ಟು ಮೇಲೊಂದು ಮೂಟೆ ಹೇರಿದರೆ ಏನಾದೀತು? ಅದೇ ಆಯಿತು. ಗುಂಡು ಮೂಳೆಯೊಳಗೆ ಇಳಿಯಿತು.

ಮುಂದಿನ ಕಥೆ ನನಗೆ ಬಲು ಪ್ರಿಯ. 1972ರ ಮ್ಯೂನಿಕ್ ಒಲಿಂಪಿಕ್ಸ್. ಪೂರ್ವ ಜರ್ಮನಿಯ 20 ವರ್ಷದ ಕಾರಿನ್ ಯಾನ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಒಂದು ವಾಲ್ಟ್‌ನಲ್ಲಿ, ಇನ್ನೊಂದು ಅನ್‌ಈವನ್ ಬಾರ್ಸ್‌ನಲ್ಲಿ. ಅದೇ ಹುಡುಗಿ ವೈದ್ಯಕೀಯ ಓದಿ, ಮೂಳೆತಜ್ಞೆಯಾಗಿ, ಬರ್ಲಿನ್ನಿನ ಶಾರಿಟೇ ಆಸ್ಪತ್ರೆ ಸೇರಿದರು. ಬೆನ್ನು ಎಷ್ಟು ಬಾಗಬಲ್ಲದು ಎಂಬುದನ್ನು ತನ್ನ ಮೈಯಲ್ಲೇ ಕಂಡಿದ್ದ ವೈದ್ಯೆ! 1982ರಲ್ಲಿ ಕುರ್ಟ್ ಶೆಲ್‌ನಾಕ್ ಅವರೊಂದಿಗೆ ಆಕೆ ರೂಪಿಸಿದ್ದು ಎರಡು ಲೋಹದ ತಟ್ಟೆ, ನಡುವೆ ಜಾರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತಿರುಳು. 1984ರಲ್ಲಿ ಮೊದಲ ರೋಗಿಗೆ ಹಾಕಿದರು. ಆದರೆ ತಟ್ಟೆ ಚಿಕ್ಕದು. ಗಟ್ಟಿ ಅಂಚನ್ನು ಮುಟ್ಟಲಿಲ್ಲ, ಮೂಳೆಯೊಳಗೆ ಕುಸಿಯಿತು. ಎರಡನೆಯ ಮಾದರಿಗೆ ಪಕ್ಕಗಳಲ್ಲಿ ರೆಕ್ಕೆ ಕೊಟ್ಟರು. ತೆಳು ಲೋಹ ಬಿರುಕುಬಿಟ್ಟಿತು. 1987ರ ಮೂರನೆಯದರಲ್ಲಿ ಅಗಲವಾದ ಕೋಬಾಲ್ಟ್-ಕ್ರೋಮಿಯಂ ತಟ್ಟೆ ಬಂತು. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಕೃತಕ ಡಿಸ್ಕ್ ಅದೇ. ಗಮನಿಸಿ, ನಡುವೆ ಜಾರುವ ಉಪಾಯ ಮೂರರಲ್ಲೂ ಒಂದೇ. ತಿದ್ದಿದ್ದು ತಟ್ಟೆಯನ್ನು, ಅಂದರೆ ನಿಲ್ಲುವ ಜಾಗವನ್ನು.

ಸಮಯ ಮುಗಿಯುತ್ತಿದೆ. ಪಾಲಿಎಥಿಲೀನ್ ಸವೆದು ಉದುರುವ ಪುಡಿಯಿಂದಲೂ ತೊಂದರೆಯಿದೆ. ತಟ್ಟೆಗೆ ಮೂಳೆ ಬೆಳೆದು ಅಂಟಲು ಒರಟು ಲೇಪನ ಕೊಡುತ್ತೇವೆ. ಇವನ್ನು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ವಯಸ್ಸಾದ ತಾಯಂದಿರು ಕೇಳುತ್ತಿದ್ದರೆ ಅವರಿಗೆ ಒಂದು ಮಾತು ಹೇಳಲೇಬೇಕು. ಮೂಳೆ ಟೊಳ್ಳಾಗಿದ್ದರೆ ಎಷ್ಟು ಅಗಲದ ತಟ್ಟೆಯೂ ಕುಸಿಯಬಹುದು. ಅಂಥವರಿಗೆ ಈ ಡಿಸ್ಕ್ ಹಾಕುವುದಿಲ್ಲ. ವೈದ್ಯರು ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಬರೆದುಕೊಟ್ಟರೆ, ಖರ್ಚೆಂದು ಗೊಣಗದೆ ಮಾಡಿಸಿಕೊಳ್ಳಿ. ನಮಸ್ಕಾರ.